ಮಾಯದ ಕಂದೀಲಿಗೆ ಬೀದರ್ ಕೋಟೆಯ ಮಣ್ಣು

"ಇದನ್ನ ನಾನೇ ಮಾಡ್ಕೋಬಹುದಾ?"

ಒಬ್ಬೊಬ್ಬರು ಒಂದೊಂದು ಪಾತ್ರ ಹಾಕಿ, ದಾಳ ಎಸೆದು, ಕೂತಲ್ಲೇ ಸಾಹಸದ ಕಥೆ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ತರದ ಆಟದ ಯಾವ ಗುಂಪಿನಲ್ಲಾದರೂ ಒಂದಲ್ಲ ಒಂದು ದಿನ ಈ ಪ್ರಶ್ನೆ ಬಂದೇ ಬರುತ್ತದೆ. ಮಾಂತ್ರಿಕನ ಪಾತ್ರ ಹಾಕಿದವನಿಗೆ ಮೂರೋ ನಾಲ್ಕೋ ಲೆವೆಲ್ ಆಗಿರುತ್ತದೆ. ಚೀಲದಲ್ಲಿ ಒಂದಿಷ್ಟು ಚಿನ್ನದ ನಾಣ್ಯ ಸೇರಿರುತ್ತದೆ. ಪಕ್ಕದವನ ಕೈಯಲ್ಲಿ ಗುಹೆಯಲ್ಲಿ ಸಿಕ್ಕ ಮಂತ್ರದ ಕತ್ತಿ ಹೊಳೆಯುತ್ತಿರುತ್ತದೆ. ಆ ಕತ್ತಿಯನ್ನೂ ಯಾರೋ ಒಬ್ಬರು ಮಾಡಿದ್ದೇ ಅಲ್ವಾ? ಅವರು ಮಾಡಿದರು ಅಂದ ಮೇಲೆ ನಾನ್ಯಾಕೆ ಮಾಡಬಾರದು? ನ್ಯಾಯವಾದ ಪ್ರಶ್ನೆ. ಉತ್ತರ ಕೊಡಬೇಕಾದ ಡಿಎಂ, ಅಂದರೆ ಆಟ ನಡೆಸುವವನು, ಅಲ್ಲಿಂದ ಪುಸ್ತಕ ತಿರುವಿಹಾಕೋಕೆ ಶುರು ಮಾಡುತ್ತಾನೆ.

ಕಲಬುರಗಿಯ ನಮ್ಮ ಗುಂಪಿನಲ್ಲಿ ಆ ಕೆಲಸ ನನ್ನದು. ಭಾನುವಾರ ಮಧ್ಯಾಹ್ನ ಆಡುತ್ತೇವೆ. ಹೊರಗೆ ಕಾಲಿಡೋಕೆ ಆಗದ ಬಿಸಿಲು, ಒಳಗೆ ಕೂಲರಿನ ಗಾಳಿಗೆ ಹಾರುವ, ಪಾತ್ರದ ವಿವರ ಬರೆದ ಕ್ಯಾರೆಕ್ಟರ್ ಶೀಟುಗಳು, ಅವು ಹಾರದಂತೆ ಮೇಲಿಟ್ಟ ಮೊಬೈಲುಗಳು. ಆಡುವವರಲ್ಲಿ ಒಬ್ಬ ತೊಗರಿ ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾನೆ, ಅವನೇ ನಮ್ಮ ಮಾಂತ್ರಿಕ. ಫಾರ್ಮಸಿ ಓದುವ ಹುಡುಗಿ ಕಳ್ಳಿಯ ಪಾತ್ರ ಹಾಕುತ್ತಾಳೆ. ಒಬ್ಬರು ಹೈಸ್ಕೂಲ್ ಮೇಷ್ಟ್ರು, ಆಟದಲ್ಲಿ ಮುದಿ ಯೋಧ. ಇನ್ನೊಬ್ಬ ಬೀದರಿನಿಂದ ರೈಲು ಹತ್ತಿ ಬರುತ್ತಾನೆ, ಬಂದವನು ಹಾಡುಗಾರನ ಪಾತ್ರದಲ್ಲಿ ಕೂತು ಅರ್ಧ ಹೊತ್ತು ಚಹಾ ಕೇಳುತ್ತಾನೆ.

ಈ ಗುಂಪಿಗೆ ನಾನು ಮಂತ್ರದ ವಸ್ತು ಮಾಡುವ ನಿಯಮಗಳನ್ನ ಹೊಸದಾಗಿ ಬರೆದಿದ್ದೇನೆ. ಯಾಕೆ ಬರೆದೆ ಅಂದರೆ, ಅಚ್ಚಾದ ಪುಸ್ತಕಗಳಲ್ಲಿ ಬಹಳಷ್ಟು "ಎಷ್ಟು ಖರ್ಚಾಗುತ್ತದೆ" ಅನ್ನೋದನ್ನ ಚೆನ್ನಾಗಿ ಹೇಳುತ್ತವೆ. "ಎಲ್ಲಿಂದ ತಂದೆ, ಯಾರ ಕೈಯಿಂದ ಮಾಡಿಸಿದೆ" ಅನ್ನೋದನ್ನ ಕೇಳೋದೇ ಕಮ್ಮಿ. ಜೋಳದ ಹಿಟ್ಟಿನ ರೇಟ್ ಗೊತ್ತಿದ್ದ ಮಾತ್ರಕ್ಕೆ ರೊಟ್ಟಿ ಬಡಿಯೋಕೆ ಬರುತ್ತದಾ?

ಮೊದಲು ಹಳೇ ಕಥೆ ಸ್ವಲ್ಪ. ಈ ಆಟ ಮೊದಲು ಅಚ್ಚಾಗಿದ್ದು 1974ರಲ್ಲಿ. ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಇಬ್ಬರೂ ಸೇರಿ ಮಾಡಿದ್ದು. ಆಗಲೇ ದೊಡ್ಡ ಮಾಂತ್ರಿಕರು ತಮ್ಮ ವಸ್ತು ತಾವೇ ಮಾಡಿಕೊಳ್ಳಬಹುದು ಅಂತ ಇತ್ತು. 1979ರ ಡಿಎಂ ಪುಸ್ತಕಕ್ಕೆ ಬರುವ ಹೊತ್ತಿಗೆ ಅದು ಭಾರಿ ಕಷ್ಟದ ಕೆಲಸವಾಯಿತು. ಅಪರೂಪದ ಸಾಮಾನು ಹುಡುಕಿಕೊಂಡು ಹೋಗಬೇಕು. ಏನೇನು ಸಾಮಾನು ಬೇಕು ಅನ್ನೋದು ಡಿಎಂ ತಲೆಗೆ ಬಿಟ್ಟಿದ್ದು. ಮಂತ್ರವನ್ನ ವಸ್ತುವಿನಲ್ಲಿ ಕಾಯಂ ಆಗಿ ಕೂರಿಸಲು ಹೋದರೆ ಮಾಂತ್ರಿಕನ ದೇಹದ ಶಕ್ತಿಯೇ ಕಮ್ಮಿಯಾಗುವ ಅಪಾಯ ಬೇರೆ. ಓದೋಕೆ ಮಜಾ ಇದೆ. ಆದರೆ ಡಿಎಂಗೆ ಮನಸ್ಸಿಲ್ಲದಿದ್ದರೆ "ಯುನಿಕಾರ್ನಿನ ಕಣ್ಣೀರು ತಾ" ಅಂತ ಹೇಳಿ ಆಡುವವನನ್ನ ವರ್ಷಗಟ್ಟಲೆ ಅಲೆಸಬಹುದು. ಅಲೆಸಿದವರೂ ಇದ್ದಾರೆ.

ಅದಕ್ಕೇ ಇರಬೇಕು, 2000ದಲ್ಲಿ ಬಂದ ಮೂರನೇ ಆವೃತ್ತಿ ಎಲ್ಲವನ್ನೂ ಲೆಕ್ಕಕ್ಕೆ ಇಳಿಸಿತು. ವಸ್ತುವಿನ ಬೆಲೆಯಲ್ಲಿ ಅರ್ಧ ಸಾಮಾನಿಗೆ. ಬೆಲೆಯ ಇಪ್ಪತ್ತೈದನೇ ಒಂದು ಭಾಗ ಎಕ್ಸ್‌ಪಿ, ಅಂದರೆ ಕಷ್ಟಪಟ್ಟು ಗಳಿಸಿದ ಅನುಭವದ ಅಂಕ. ಪ್ರತಿ 1000 ಚಿನ್ನದ ನಾಣ್ಯಕ್ಕೆ ಒಂದು ದಿನದ ಕೆಲಸ. ಕತ್ತಿಗೆ +1 ಮಂತ್ರ, ಅಂದರೆ ದಾಳದ ಅಂಕಕ್ಕೆ ಒಂದು ಕೂಡಿಸುವ ಮಂತ್ರ, ಹಾಕುವ ಬೆಲೆ 2000. ಹಾಗಾಗಿ ಮಾಡಿಕೊಳ್ಳೋಕೆ 1000 ನಾಣ್ಯ, 80 ಎಕ್ಸ್‌ಪಿ, ಎರಡು ದಿನ. ಒಳ್ಳೇ ಜಾತಿಯ ಕತ್ತಿ ಮೊದಲೇ ಕೈಯಲ್ಲಿರಬೇಕು, ಅದರ ಖರ್ಚು ಬೇರೆ. ಸ್ಕ್ರೋಲ್, ಅಂದರೆ ಒಂದು ಸಲ ಬಳಸುವ ಮಂತ್ರದ ಸುರುಳಿ, ಬರೆಯೋದು ಒಂದನೇ ಲೆವೆಲ್ಲಿಗೇ ಬರುತ್ತದೆ, ಉಂಗುರ ಮಾಡೋಕೆ ಹನ್ನೆರಡು ಆಗಬೇಕು. ಪ್ರತಿಯೊಂದಕ್ಕೂ ಬೇರೆ ಬೇರೆ ಫೀಟ್, ಅಂದರೆ ಪಾತ್ರ ಕಲಿತಿರಬೇಕಾದ ವಿಶೇಷ ಕೌಶಲ.

ನಮ್ಮ ಮಿಲ್ಲಿನ ಗೆಳೆಯನಿಗೆ ಈ ಆವೃತ್ತಿ ಅಂದರೆ ಪ್ರಾಣ. ಆದರೆ ಅದರೊಳಗಿನ ತಮಾಷೆ ಹಿಡಿದವನೂ ಅವನೇ. ಮಾಡೋಕೆ ಅರ್ಧ ಬೆಲೆ, ಮಾರಿದರೆ ಸಿಗೋದೂ ಅರ್ಧ ಬೆಲೆ. "ಲಾಭನೇ ಇಲ್ಲಂದ್ರ ಅಂಗಡಿ ಯಾಕ ಹಾಕಬೇಕ್ರಿ? ಮ್ಯಾಲ ಎಕ್ಸ್‌ಪಿ ಬ್ಯಾರೆ ಕೈಯಿಂದ ಹಾಕಬೇಕು." ಅದು ಬೇಕಂತಲೇ ಹಾಗೆ ಕೂರಿಸಿದ ಲೆಕ್ಕ. ಇಲ್ಲದಿದ್ದರೆ ಮಾಂತ್ರಿಕರು ಸಾಹಸ ಬಿಟ್ಟು ಕಾರ್ಖಾನೆ ತೆರೆಯುತ್ತಾರೆ.

ಆದರೂ ತೆರೆದರು. ಗಾಯ ವಾಸಿ ಮಾಡುವ ಸಣ್ಣ ಮಂತ್ರದ ದಂಡ, 50 ಸಲ ಬಳಸಬಹುದು, ಬೆಲೆ 750. ಮಾಡಿಕೊಂಡರೆ 375 ನಾಣ್ಯ, 30 ಎಕ್ಸ್‌ಪಿ, ಒಂದೇ ದಿನ. ಇಷ್ಟು ಅಗ್ಗಕ್ಕೆ ಸಿಕ್ಕರೆ ಯಾರು ಬಿಡುತ್ತಾರೆ? ಎಷ್ಟೋ ಗುಂಪುಗಳಲ್ಲಿ ಯುದ್ಧ ಮುಗಿದ ತಕ್ಷಣ ಎಲ್ಲರೂ ಸಾಲಾಗಿ ನಿಂತು ದಂಡದಿಂದ ತಟ್ಟಿಸಿಕೊಳ್ಳೋದು ಪದ್ಧತಿಯೇ ಆಯಿತು. ಎಕ್ಸ್‌ಪಿ ಹೋದರೆ ಮಾಂತ್ರಿಕ ಹಿಂದೆ ಬೀಳುತ್ತಾನಲ್ಲ ಅನ್ನಬಹುದು. 2003ರ ಮೂರೂವರೆ ಆವೃತ್ತಿಯಲ್ಲಿ ಅದಕ್ಕೂ ಸಂದು ಇತ್ತು. ಅಲ್ಲಿ ಎಕ್ಸ್‌ಪಿ ಹಂಚೋದು ಒಬ್ಬೊಬ್ಬರ ಲೆವೆಲ್ ನೋಡಿ, ಒಂದು ಲೆವೆಲ್ ಹಿಂದೆ ಇದ್ದವನಿಗೆ ಅದೇ ರಾಕ್ಷಸನಿಂದ ಜಾಸ್ತಿ ಸಿಗುತ್ತದೆ, ಹಾಗಾಗಿ ಕಳೆದುಕೊಂಡಿದ್ದು ತಾನಾಗೇ ತುಂಬಿಕೊಂಡು ಬರುತ್ತದೆ. ಇದೇ ಆವೃತ್ತಿಯ ಮೇಲೆ ಕಟ್ಟಿದ ಇನ್ನೊಂದು ಆಟ, 2009ರ ಪಾತ್‌ಫೈಂಡರ್, ಈ ಎಕ್ಸ್‌ಪಿ ತಾಪತ್ರಯವನ್ನೇ ತೆಗೆದು ಹಾಕಿತು. ಬದಲಿಗೆ ದಾಳ ಎಸೆಯಬೇಕು, ಐದು ಅಥವಾ ಅದಕ್ಕಿಂತ ಹೆಚ್ಚು ಅಂತರದಲ್ಲಿ ಸೋತರೆ ಶಾಪದ ವಸ್ತು ಹುಟ್ಟುತ್ತದೆ. ಇದು ನನಗೆ ಹಿಡಿಸಿದ ಮಾತು. ಆದರೆ ಸ್ವಲ್ಪ ಗಟ್ಟಿ ಮಾಂತ್ರಿಕನಿಗೆ ಆ ದಾಳದಲ್ಲಿ ಸೋಲೋದೇ ಕಷ್ಟ.

2008ರ ನಾಲ್ಕನೇ ಆವೃತ್ತಿ ಬಗ್ಗೆ ಜಾಸ್ತಿ ಹೇಳೋದಿಲ್ಲ. ಅಲ್ಲಿ ವಸ್ತು ಮಾಡುವ ಕ್ರಿಯೆಗೆ ವಸ್ತುವಿನ ಪೂರ್ತಿ ಬೆಲೆಯೇ ಬೀಳುತ್ತದೆ, ಹಳೇದನ್ನ ಒಡೆದರೆ ಐದನೇ ಒಂದು ಭಾಗದ ಬೆಲೆಯ ಪುಡಿ ಸಿಗುತ್ತದೆ. ಕಾಡಿನ ಮಧ್ಯೆ ಅಂಗಡಿ ಸಿಕ್ಕ ಹಾಗೆ, ಅಷ್ಟೇ.

2014ರ ಐದನೇ ಆವೃತ್ತಿಯ ನಿಯಮ ಓದಿದಾಗ ಮೇಷ್ಟ್ರು ನಕ್ಕಿದ್ದು ಇನ್ನೂ ನೆನಪಿದೆ. ದಿನಕ್ಕೆ 25 ನಾಣ್ಯದಷ್ಟು ಕೆಲಸ ಮುಂದೆ ಹೋಗುತ್ತದೆ. ಅತಿ ಅಪರೂಪದ, ಲೆಜೆಂಡರಿ ದರ್ಜೆಯ ವಸ್ತುವಿಗೆ 5 ಲಕ್ಷ ನಾಣ್ಯ. ಭಾಗಿಸಿ ನೋಡಿ: 20,000 ದಿನ. ಐವತ್ನಾಲ್ಕು ವರ್ಷ ಚಿಲ್ಲರೆ. "ಮಾಂತ್ರಿಕ ರಿಟೈರ್ ಆಗಿ ಪೆನ್ಷನ್ ತಗೊಂಡ ಮೇಲೂ ಕತ್ತಿ ಆಗಿರೋದಿಲ್ಲ" ಅಂದರು. ಜೊತೆಗೆ ಬೇರೆ ಮಾಂತ್ರಿಕರನ್ನ ಕೂರಿಸಿಕೊಂಡರೆ ದಿನ ಕಮ್ಮಿಯಾಗುತ್ತವೆ ನಿಜ. ಆದರೆ ನಿಯಮ ಬರೆದವರ ಮನಸ್ಸಿನಲ್ಲಿ ಇದ್ದದ್ದು "ಮಾಡಬೇಡಿ ಸುಮ್ನಿರಿ" ಅಂತಲೇ ಅನ್ನಿಸುತ್ತದೆ. 2017ರಲ್ಲಿ ಬಂದ ಝನಾಥರ್ ಅನ್ನೋ ಪೂರಕ ನಿಯಮಗಳ ಪುಸ್ತಕ ಅದನ್ನ ಸರಿ ಮಾಡಿತು. ಲೆಜೆಂಡರಿಗೆ 50 ವಾರದ ಕೆಲಸ, 1 ಲಕ್ಷ ನಾಣ್ಯ. ಸಾಧಾರಣ ವಸ್ತುವಿಗೆ ಒಂದೇ ವಾರ, 50 ನಾಣ್ಯ. ಎಲ್ಲಕ್ಕಿಂತ ಒಳ್ಳೇದು ಅಂದರೆ, ವಸ್ತುವಿಗೆ ಬೇಕಾದ ಒಂದು ವಿಶೇಷ ಸಾಮಾನು ಅದರ ದರ್ಜೆಗೆ ತಕ್ಕ ರಾಕ್ಷಸ ಪ್ರಾಣಿಯನ್ನ ಎದುರಿಸಿಯೇ ತರಬೇಕು. ಅಲ್ಲಿಗೆ ಖರ್ಚಿನ ಜೊತೆ ಕಥೆಯೂ ಬಂತು. 2024ರ ಹೊಸ ಡಿಎಂ ಪುಸ್ತಕದಲ್ಲಿ ದಿನಗಳ ಲೆಕ್ಕ ಹೆಚ್ಚುಕಮ್ಮಿ ಅದೇ ಇದೆ, ನಡುವಿನ ರೇರ್ ದರ್ಜೆಯ ವಸ್ತುವಿಗೆ 50 ದಿನ, ಲೆಜೆಂಡರಿಗೆ 250 ದಿನ. ಆದರೆ ಸಾಮಾನು ತರುವ ಆ ಸಾಹಸವನ್ನ ಕೈಬಿಟ್ಟು, ಸಂಬಂಧಪಟ್ಟ ಉಪಕರಣದ ಕೈಚಳಕ ಮತ್ತು ಮಂತ್ರವಿದ್ಯೆಯ ಜ್ಞಾನ ಇರಬೇಕು ಅಂತ ಮಾಡಿದ್ದಾರೆ. ಅಚ್ಚುಕಟ್ಟಾಗಿದೆ, ಆದರೆ ಕಥೆ ಹೋಯಿತು.

ಇವೆಲ್ಲದರ ಆಚೆ ಒಂದು ಆಟ ನನಗೆ ಬೇರೆ ದಾರಿ ತೋರಿಸಿತು. ಆರ್ಸ್ ಮ್ಯಾಜಿಕಾ, 1987ರದ್ದು, ಮಧ್ಯಯುಗದ ಯುರೋಪಿನಲ್ಲಿ ನಡೆಯುವ ಕಥೆ. ಅಲ್ಲಿ ಮಾಂತ್ರಿಕರ ಕಾಲ ನಡೆಯೋದು ಋತುಗಳಲ್ಲಿ. ವರ್ಷಕ್ಕೆ ನಾಲ್ಕೇ ಋತು. ಒಂದು ಋತು ಪ್ರಯೋಗಶಾಲೆಯಲ್ಲಿ ಕೂತು ವಸ್ತು ಮಾಡಿದರೆ ಆ ಋತು ಪುಸ್ತಕ ಓದೋ ಹಾಗಿಲ್ಲ, ಹೊಸ ಮಂತ್ರ ಕಲಿಯೋ ಹಾಗಿಲ್ಲ, ವಯಸ್ಸು ಮಾತ್ರ ಹೋಗುತ್ತಿರುತ್ತದೆ. ಬೆಲೆ ಅಂದರೆ ಇದು. ಇನ್ನೊಂದು ಸಂಗತಿ, ಅಲ್ಲಿ ವಸ್ತುವಿನ ಆಕಾರಕ್ಕೂ ಅದು ಯಾವುದರಿಂದ ಆಗಿದೆ ಅನ್ನೋದಕ್ಕೂ ಬೋನಸ್ ಇದೆ. ಯಾವ ಆಕಾರ, ಯಾವ ಕಲ್ಲು, ಯಾವ ಲೋಹ ಯಾವ ಕೆಲಸಕ್ಕೆ ಹೊಂದುತ್ತದೆ ಅಂತ ದೊಡ್ಡ ಪಟ್ಟಿಯೇ ಇದೆ. ಬೆಳ್ಳಿ ಯಾಕೆ, ಕಬ್ಬಿಣ ಯಾಕೆ ಅನ್ನೋ ಪ್ರಶ್ನೆಗೆ ಆಟದೊಳಗೇ ಉತ್ತರ ಇದೆ.

ಆ ಪಟ್ಟಿ ಓದುತ್ತಿದ್ದಾಗಲೇ ಬೀದರಿನ ಗೆಳೆಯ ಹೇಳಿದ್ದು. "ಇದಕ್ಕ ಯುರೋಪಿನ ತನಕ ಯಾಕ ಹೋಗ್ತೀರಿ, ನಮ್ಮೂರಾಗ ಬಿದ್ರಿ ಮಾಡ್ತಾರಲ್ರೀ."

ಬಿದ್ರಿ ಕೆಲಸ ಎಲ್ಲರಿಗೂ ಗೊತ್ತು. ಕಪ್ಪು ಹೂದಾನಿ, ಮೇಲೆ ಬೆಳ್ಳಿಯ ಬಳ್ಳಿ. ಸನ್ಮಾನ ಸಮಾರಂಭದಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಕೊಡುತ್ತಾರೆ, ಮನೆಗೆ ತಂದು ಶೋಕೇಸಿನಲ್ಲಿ ಇಟ್ಟು ಮರೆಯುತ್ತೇವೆ. ಈ ಕೆಲಸಕ್ಕೆ ಜಿಐ ಟ್ಯಾಗ್ ಇದೆ, 2023ರಲ್ಲಿ ಬೀದರಿನ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀಯೂ ಬಂತು. ಆದರೆ ಅದನ್ನ ಮಾಡೋದು ಹೇಗೆ ಅಂತ ಬೀದರಿನ ಚೌಬಾರಾ ಗೋಪುರದ ಕಡೆಯ ಓಣಿಯಲ್ಲಿ ಕೂತು ನೋಡಿದರೆ, ಆಟದ ನಿಯಮವೇ ಕಣ್ಣ ಮುಂದೆ ನಡೆಯುತ್ತಿರುತ್ತದೆ.

ಮೊದಲು ಎರಕ. ಸತುವೇ ಜಾಸ್ತಿ, ಅದರ ಜೊತೆ ಸ್ವಲ್ಪ ತಾಮ್ರ. ಹದಿನಾರಕ್ಕೆ ಒಂದು ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಮಣ್ಣಿಗೆ ಹರಳೆಣ್ಣೆ, ರಾಳ ಕಲಸಿ ಅಚ್ಚು ಮಾಡಿ ಹೊಯ್ಯುತ್ತಾರೆ. ಹೊರಗೆ ಬಂದಾಗ ಅದು ಕಪ್ಪಲ್ಲ, ಬೂದು ಬಿಳಿ. ಅರದಿಂದ ಉಜ್ಜಿ ನಯ ಮಾಡಿ ಮೈಲುತುತ್ತದ ನೀರು ಹಚ್ಚುತ್ತಾರೆ, ಆಗ ತಾತ್ಕಾಲಿಕವಾಗಿ ಕಪ್ಪಾಗುತ್ತದೆ. ಯಾಕೆ ಅಂದರೆ ಕಪ್ಪಿನ ಮೇಲೆ ಗೀರಿದರೆ ಗೆರೆ ಬೆಳ್ಳಗೆ ಕಾಣುತ್ತದೆ. ಚಿತ್ರ ಬರೆಯುವವರು ಕಾಗದ ನೋಡೋದಿಲ್ಲ, ಕೈಯಲ್ಲೇ ಬರೆಯುತ್ತಾರೆ. ಆಮೇಲೆ ಉಳಿ. ಗೆರೆಯ ಉದ್ದಕ್ಕೂ ಸಣ್ಣ ಕಾಲುವೆ ಕೊರೆಯುತ್ತಾರೆ, ಅದರೊಳಗೆ ಬೆಳ್ಳಿಯ ತಂತಿ ಇಟ್ಟು ಸುತ್ತಿಗೆಯಿಂದ ಟಕ್ ಟಕ್ ಅಂತ ಕೂರಿಸುತ್ತಾರೆ. ಅಗಲವಾದ ಜಾಗಕ್ಕೆ ಬೆಳ್ಳಿಯ ತಗಡು.

ಈಗ ಕೇಳಿ ಮಜಾ. ಬೆಳ್ಳಿ ಕೂರಿಸಿ ಆದ ಮೇಲೆ ಇಡೀ ವಸ್ತುವನ್ನ ಮತ್ತೆ ಉಜ್ಜುತ್ತಾರೆ, ಆ ತಾತ್ಕಾಲಿಕ ಕಪ್ಪು ಹೋಗುತ್ತದೆ. ಲೋಹವೂ ಬಿಳಿ, ಬೆಳ್ಳಿಯೂ ಬಿಳಿ. ಅಷ್ಟು ದಿನದ ಚಿತ್ರ ಕಣ್ಣಿಗೆ ಕಾಣೋದೇ ಇಲ್ಲ! ನನ್ನ ಕೈಗೆ ಕೊಟ್ಟಾಗ ಬೆಳಕಿಗೆ ಓರೆ ಹಿಡಿದು ಹುಡುಕಿದೆ, ಅಲ್ಲೊಂದು ಇಲ್ಲೊಂದು ಎಲೆ ಮಿನುಗಿತು, ಅಷ್ಟೇ. ಆಮೇಲೆ ಕೊನೆಯ ಹಂತ. ಬೀದರ್ ಕೋಟೆಯ ಹಳೇ ಜಾಗಗಳಿಂದ, ಬಿಸಿಲು ಮಳೆ ತಾಗದ ಮೂಲೆಗಳಿಂದ ತಂದ ಮಣ್ಣು, ಅದಕ್ಕೆ ನವಸಾಗರ, ನೀರು. ವಸ್ತುವನ್ನ ಸ್ವಲ್ಪ ಬಿಸಿ ಮಾಡಿ ಈ ಮಣ್ಣಿನ ನೀರು ಹಚ್ಚುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಕಪ್ಪಾಗೋದಿಲ್ಲ. ಮಾಯವಾಗಿದ್ದ ಚಿತ್ರ ಒಮ್ಮೆಲೇ ಎದ್ದು ಬರುತ್ತದೆ. ಎಣ್ಣೆ ಹಚ್ಚಿ ಒರೆಸಿದರೆ ಮುಗಿಯಿತು. ಮತ್ತೆ ಆ ಮಣ್ಣು ಸರಿಯಾದದ್ದು ಹೌದೋ ಅಲ್ಲವೋ ಅಂತ ನೋಡೋಕೆ ನಾಲಿಗೆಗೆ ಹಚ್ಚಿ ರುಚಿ ನೋಡುತ್ತಾರೆ.

ಮಣ್ಣಿನ ರುಚಿ ನೋಡುವ ಕುಶಲಕರ್ಮಿ! ಅದಕ್ಕಿಂತ ಒಳ್ಳೇ ಫ್ಯಾಂಟಸಿ ಬರೆಯೋಕೆ ನನ್ನ ಕೈಯಲ್ಲಿ ಆಗೋದಿಲ್ಲ.

ಇದನ್ನ ನೋಡಿ ಮೂರು ಸಂಗತಿ ಎತ್ತಿಕೊಂಡೆ. ಒಂದು, ಒಂದೊಂದು ಹಂತಕ್ಕೂ ಒಂದೊಂದು ಕೈ. ಎರಕ ಹೊಯ್ಯುವವರೇ ಕೆತ್ತಬೇಕು ಅಂತಿಲ್ಲ, ಕೆತ್ತುವವರೇ ಬೆಳ್ಳಿ ಕೂರಿಸಬೇಕು ಅಂತಿಲ್ಲ. ಇದು ಟೇಬಲ್ಲಿನ ಒಂದು ದೊಡ್ಡ ತಲೆನೋವಿಗೆ ಮದ್ದು. ಮಾಂತ್ರಿಕನೊಬ್ಬನೇ ಡಿಎಂ ಜೊತೆ ಲೆಕ್ಕ ಹಾಕುತ್ತಾ ಕೂತರೆ ಉಳಿದವರು ಮೊಬೈಲ್ ತೆಗೆಯುತ್ತಾರೆ, ಒಮ್ಮೆ ತೆಗೆದರೆ ಮತ್ತೆ ಒಳಗಿಡೋದಿಲ್ಲ. ಎರಡು, ಹಣ ಕೊಟ್ಟರೆ ಎಲ್ಲಿ ಬೇಕಾದರೂ ಸಿಗದ ಒಂದು ಸಾಮಾನು. ಮೂರು, ಕೆಲಸ ಚೆನ್ನಾಗಿ ಆಯಿತೋ ಇಲ್ಲವೋ ಅನ್ನೋದು ಕೊನೆಯ ಹಂತದ ತನಕ ಕಾಣೋದಿಲ್ಲ.

ನಮ್ಮ ನಿಯಮ ಹೀಗಿದೆ. ಮಂತ್ರದ ವಸ್ತುವಿಗೆ ಒಡಲು, ಗೆರೆ, ಕಪ್ಪು ಅಂತ ಮೂರು ಹಂತ. ಒಡಲು ಅಂದರೆ ವಸ್ತುವಿನ ಮೈ, ಅದರ ಲೋಹವೋ ಮರವೋ ಮಂತ್ರಕ್ಕೆ ಸಂಬಂಧಪಟ್ಟ ಘಟನೆ ನಡೆದ ಜಾಗದಿಂದ ಬರಬೇಕು. ಗೆರೆ ಅಂದರೆ ಅದರೊಳಗೆ ಕೂರಿಸುವ ಬೆಲೆಬಾಳುವ ಸಂಗತಿ, ಗುಂಪಿನಲ್ಲಿ ಯಾರಾದರೂ ತಮ್ಮದನ್ನ ಮನಸ್ಸಿನಿಂದ ಕೊಡಬೇಕು, ಕೊಂಡು ತಂದಿದ್ದು ನಡೆಯೋದಿಲ್ಲ. ಕಪ್ಪು ಅಂದರೆ ಕೊನೆಗೆ ಮಂತ್ರವನ್ನ ಎಬ್ಬಿಸುವ ಸಾಮಾನು, ಅದು ಒಂದೇ ಒಂದು ಜಾಗದಲ್ಲಿ ಸಿಗುತ್ತದೆ. ಮೂರು ಹಂತವನ್ನ ಮೂರು ಬೇರೆ ಬೇರೆ ಪಾತ್ರಗಳು ಮಾಡಬೇಕು.

ಪ್ರತಿ ಹಂತಕ್ಕೂ ಒಂದು ದಾಳ. ಆದರೆ ನೋಡೋ ಹಾಗಿಲ್ಲ. ಇಪ್ಪತ್ತು ಮುಖದ ದಾಳವನ್ನ ಸ್ಟೀಲ್ ಲೋಟದೊಳಗೆ ಹಾಕಿ ಕುಲುಕಿ ಟೇಬಲ್ ಮೇಲೆ ಬೋರಲು ಹಾಕಬೇಕು. ಲೋಟ ಅಲ್ಲೇ ಇರುತ್ತದೆ. ಮೂರನೇ ಹಂತ ಮುಗಿದ ಮೇಲೆ ಮೂರೂ ಲೋಟ ಒಟ್ಟಿಗೆ ಎತ್ತುವುದು. ಆ ಹಂತ ಮಾಡಿದವರ ಕೌಶಲದ ಬೋನಸ್ ಅಂಕ ಸೇರಿ 12 ಅಥವಾ ಜಾಸ್ತಿ ಬಂದರೆ ಗೆದ್ದ ಹಾಗೆ. ಮೂರೂ ಗೆದ್ದರೆ ಬೇಕಾದ ವಸ್ತು ಬೇಕಾದ ಹಾಗೆ. ಒಂದು ಸೋತರೆ ವಸ್ತು ಕೆಲಸ ಮಾಡುತ್ತದೆ, ಆದರೆ ಸೋತ ಹಂತದಿಂದ ಒಂದು ಹಠ, ಅಂದರೆ ಬೇಡದ ಮೊಂಡು ಗುಣ, ಅಂಟಿಕೊಳ್ಳುತ್ತದೆ. ಎರಡು ಸೋತರೆ ಎರಡು ಹಠ. ಮೂರೂ ಸೋತರೆ ವಸ್ತು ಚೆನ್ನಾಗಿಯೇ ಆಗುತ್ತದೆ, ಆದರೆ ಮಾತು ಕೇಳೋದು ಮಾತ್ರ ಬೇರೆ ಯಾರದ್ದೋ. ಸಾಮಾನು ಹಾಳಾಯಿತು, ದಿನ ಹಾಳಾಯಿತು ಅನ್ನೋ ಫಲಿತಾಂಶ ಇಲ್ಲವೇ ಇಲ್ಲ, ಯಾಕೆ ಅಂದರೆ ಅಷ್ಟೆಲ್ಲ ಓಡಾಡಿ ಬಂದವರಿಗೆ "ಏನೂ ಆಗಲಿಲ್ಲ" ಅಂತ ಹೇಳೋದು ಬೋರ್.

ಮಿಲ್ಲಿನ ಗೆಳೆಯ ಅಲ್ಲೇ ಲೆಕ್ಕ ಹಾಕಿ ತೋರಿಸಿದ. +6 ಬೋನಸ್ ಇದ್ದವರು ಒಂದು ಲೋಟ ಗೆಲ್ಲುವ ಅವಕಾಶ ನೂರಕ್ಕೆ 75. ಮೂರೂ ಗೆಲ್ಲೋದು ನೂರಕ್ಕೆ ಸುಮಾರು 42. ಮೂರೂ ಸೋಲೋದು 64ರಲ್ಲಿ ಒಂದು ಸಲ. ಅಂದರೆ ಅರ್ಧಕ್ಕಿಂತ ಹೆಚ್ಚು ವಸ್ತುಗಳಿಗೆ ಏನಾದರೊಂದು ಹಠ ಇದ್ದೇ ಇರುತ್ತದೆ. ನನಗೆ ಬೇಕಾಗಿದ್ದೂ ಅದೇ.

ಅವನದ್ದು ಒಂದು ತಕರಾರು ಇತ್ತು, ಅದು ಸರಿಯಾದ ತಕರಾರು. "ಪುಸ್ತಕದಾಗ 2000 ಅಂದ್ರ 2000. ನಾ ಕೂಡಿಸ್ತೀನಿ, ತರ್ತೀನಿ, ನನಗ ಸಿಗ್ತದ. ನೀವು ಹೇಳೋದ್ರಾಗ ನಾಳೆ ನಿಮ್ಮ ಮನಸ್ಸು ತಿರುಗಿದ್ರ?" ಬೆಲೆಪಟ್ಟಿಯ ನಿಜವಾದ ಗುಣ ಇದು. ಆಡುವವನಿಗೆ ಡಿಎಂ ಕೊಟ್ಟ ಮಾತು ಅದು, ಆಮೇಲೆ ಜಾರಿಕೊಳ್ಳೋಕೆ ಆಗೋದಿಲ್ಲ. 1979ರ ಯುನಿಕಾರ್ನ್ ಕಣ್ಣೀರಿನ ತೊಂದರೆ ಇದ್ದದ್ದೂ ಅಲ್ಲೇ. ಹಾಗಾಗಿ ಕಾರ್ಡ್ ಪದ್ಧತಿ ತಂದೆವು. ಯಾರಾದರೂ "ಇದನ್ನ ಮಾಡಬೇಕು" ಅಂದ ದಿನವೇ ನಾನು ಒಂದು ರಟ್ಟಿನ ಕಾರ್ಡಿನಲ್ಲಿ ಮೂರು ಸಾಲು ಬರೆದು ಕೊಡಬೇಕು: ಒಡಲು ಎಲ್ಲಿಯದು, ಗೆರೆ ಎಂಥದ್ದು, ಕಪ್ಪು ಎಲ್ಲಿ ಸಿಗುತ್ತದೆ. ಕೆಳಗೆ ವಸ್ತು ಏನು ಮಾಡುತ್ತದೆ ಅಂತ ಒಂದು ಸಾಲು. ಕಾರ್ಡ್ ಅವರ ಹತ್ತಿರ ಇರುತ್ತದೆ. ಆಮೇಲೆ ನಾನು ಒಂದಕ್ಷರ ತಿದ್ದೋ ಹಾಗಿಲ್ಲ. ಮೂರರಲ್ಲಿ ಒಂದಾದರೂ ಈಗಾಗಲೇ ಅವರು ಕಂಡ ಜಾಗದಲ್ಲೇ ಇರಬೇಕು ಅನ್ನೋ ಷರತ್ತೂ ಅವನೇ ಸೇರಿಸಿದ. ಒಳ್ಳೇ ಷರತ್ತು.

ಸಮಯದ ವಿಷಯ. ಪುಸ್ತಕದಲ್ಲಿ 50 ದಿನ ಅಂತ ಬರೆದಿದ್ದರೂ, ಆ 50 ದಿನ ಹೊರಗಿನ ಲೋಕ ಸುಮ್ನೆ ನಿಂತಿದ್ದರೆ ಅದು ಬರೀ ಅಂಕಿ. "ಸರಿ, ಐವತ್ತು ದಿನ ಆಯ್ತು" ಅಂದರೆ ಮುಗಿಯಿತು. ಬ್ಲೇಡ್ಸ್ ಇನ್ ದ ಡಾರ್ಕ್ ಆಟದಲ್ಲಿ ಗಡಿಯಾರದ ಪದ್ಧತಿ ಇದೆ, ಅದನ್ನ ಎತ್ತಿಕೊಂಡಿದ್ದೇವೆ. ಕಾಗದದ ಮೇಲೆ ವೃತ್ತ ಬರೆದು ಆರು ತುಂಡು ಮಾಡೋದು, ವಸ್ತುವಿನ ಒಂದು ಹಂತ ಮುಗಿದಾಗಲೆಲ್ಲ ಒಂದು ತುಂಡಿಗೆ ಬಣ್ಣ ತುಂಬೋದು. ಆರು ತುಂಬಿದರೆ ವೈರಿಯ ಕೆಲಸ ಮುಗಿದ ಹಾಗೆ, ಅವನ ಸೈನ್ಯ ಹೊಳೆ ದಾಟಿತು ಅಂತಲೋ, ಊರಿನ ಬಾವಿ ಬತ್ತಿತು ಅಂತಲೋ. ಎರಡು ವಸ್ತು ಮಾಡಿದರೆ ಗಡಿಯಾರ ತುಂಬಿತು. ದಿನದ ಲೆಕ್ಕವೇ ಬೇಡ.

ಗಾಯದ ಮದ್ದು, ಸ್ಕ್ರೋಲ್ ಇಂಥವಕ್ಕೆ ಇದ್ಯಾವುದೂ ಇಲ್ಲ. ಪುಸ್ತಕದಲ್ಲಿ ಇರೋ ಹಾಗೆ 25 ನಾಣ್ಯ, ಒಂದು ದಿನ, ಒಂದು ಸೀಸೆ ಮದ್ದು. ಪ್ರತಿ ಸೀಸೆಗೂ ಕಥೆ ಕಟ್ಟಿದರೆ ಆಟ ಮುಂದೆ ಹೋಗೋದಿಲ್ಲ.

ಮೊದಲ ಕಾರ್ಡ್ ಮಾಂತ್ರಿಕ ಕೇಳಿದ ಕಂದೀಲಿನದ್ದು. ಬೆಳಕು ಕೊಡುವ ಕಂದೀಲಲ್ಲ, ಸುತ್ತಲಿನ ಬೆಳಕನ್ನ ನುಂಗುವ ಕಂದೀಲು. ಕೋಟೆಯೊಳಗೆ ನುಗ್ಗೋಕೆ ಬೇಕಿತ್ತು. ಒಡಲು: ಒಂದೇ ಮಿನಾರು ಉಳಿದ ಹಾಳು ವಿದ್ಯಾಲಯದಲ್ಲಿ ಬಿದ್ದಿರುವ ಗಂಟೆಯ ಲೋಹ. ಬೀದರಿನ ಮಹಮೂದ್ ಗವಾನ್ ಮದರಸಾ ನೋಡಿದವರಿಗೆ ಆ ವಿದ್ಯಾಲಯ ಎಲ್ಲಿಂದ ಬಂತು ಅಂತ ಗೊತ್ತಾಗುತ್ತದೆ, ಗಂಟೆ ಮಾತ್ರ ನನ್ನ ಕಲ್ಪನೆ. ಗೆರೆ: ಕತ್ತಲಲ್ಲಿ ಕಳೆದುಕೊಂಡವರ ನೆನಪಿನ ಬೆಳ್ಳಿ. ಕಪ್ಪು: ನೆಲದಡಿಯ ನೀರಿನ ಸುರಂಗದ ಮಣ್ಣು, ಬಿಸಿಲು ಕಾಣದ್ದು. ಬೀದರ್ ಹತ್ತಿರದ ನೌಬಾದಿನ ಕರೇಜ್, ಅಂದರೆ ಹಳೇ ಕಾಲದ ಅಂಥದ್ದೇ ಸುರಂಗ, ನೋಡಿದ ಮೇಲೆ ಇದನ್ನ ಬರೆಯದೇ ಇರೋಕೆ ನನಗೆ ಆಗಲಿಲ್ಲ.

ಗಂಟೆಯ ಲೋಹವನ್ನ ಹಾಡುಗಾರ ತಂದು ಎರಕ ಹೊಯ್ದ, ಗಂಟೆ ಕರಗುವಾಗ ಅದರ ಕೊನೆಯ ಸ್ವರ ಹಾಡಿ ತೋರಿಸಿದ, ನಿಜವಾಗಲೂ ಹಾಡಿದ. ಮೊದಲ ಲೋಟ ಬೋರಲು ಬಿತ್ತು. ಗೆರೆಗೆ ಬೆಳ್ಳಿ ಯಾರು ಕೊಡೋದು ಅಂತ ಬಂದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಮೇಷ್ಟ್ರು ತಮ್ಮ ಯೋಧನ ಶೀಟಿನ ಮೂಲೆಯಲ್ಲಿ ಮೊದಲ ದಿನವೇ ಬರೆದಿಟ್ಟಿದ್ದ ಒಂದು ಸಾಲು ತೋರಿಸಿದರು. ತೀರಿಕೊಂಡ ಹೆಂಡತಿಯ ಕಾಲ್ಗೆಜ್ಜೆ. ಅದಕ್ಕೆ ಆಟದಲ್ಲಿ ಯಾವ ಬೋನಸ್ಸೂ ಇರಲಿಲ್ಲ, ಅಲ್ಲಿಯ ತನಕ ಯಾರೂ ಅದನ್ನ ಗಮನಿಸಿಯೂ ಇರಲಿಲ್ಲ. ರಬ್ಬರ್ ತಗೊಂಡು ಅಳಿಸಿದರು. ಎರಡನೇ ಲೋಟ.

ಸುರಂಗದಲ್ಲಿ ಮಣ್ಣು ಹುಡುಕಿದ್ದು ಕಳ್ಳಿ. ಮೂರು ಕಡೆ ಮೂರು ಬಗೆಯ ಮಣ್ಣು ಇದೆ, ಯಾವುದು ತಗೋತೀಯ ಅಂದೆ. ಅವಳು ಯೋಚನೆಯೇ ಮಾಡಲಿಲ್ಲ. "ನೆಕ್ಕಿ ನೋಡ್ತೀನಿ." ಬೀದರಿನ ಗೆಳೆಯ ಟೇಬಲ್ ಬಡಿದು ನಕ್ಕ. ಮೊದಲನೆಯದು ಬರೀ ಕೆಸರು, ಎರಡನೆಯದು ಕಹಿ, ಮೂರನೆಯದು ನಾಲಿಗೆಗೆ ಚುರುಕ್ ಅಂದಿತು ಅಂತ ಹೇಳಿದೆ. ಮೂರನೆಯದನ್ನ ಚೀಲಕ್ಕೆ ತುಂಬಿಕೊಂಡಳು. ಮೂರನೇ ಲೋಟ.

ಎತ್ತಿದೆವು. ಒಡಲು ಗೆದ್ದಿತ್ತು. ಕಪ್ಪು ಗೆದ್ದಿತ್ತು. ಮೇಷ್ಟ್ರ ಲೋಟದ ಕೆಳಗೆ 3.

ಹಠ ಏನಿರಬೇಕು ಅಂತ ನಾನು ತಲೆ ಕೆಡಿಸಿಕೊಳ್ಳಲೇ ಬೇಕಾಗಲಿಲ್ಲ, ಸಾಮಾನೇ ಹೇಳಿತು. ಕಂದೀಲು ಬೆಳಕನ್ನ ನುಂಗುತ್ತದೆ, ಚೆನ್ನಾಗಿಯೇ ನುಂಗುತ್ತದೆ. ಆದರೆ ಹೊತ್ತಿಸಿದಷ್ಟು ಹೊತ್ತೂ ಕತ್ತಲೊಳಗೆ ಯಾರೋ ಗೆಜ್ಜೆ ಕಟ್ಟಿಕೊಂಡು ನಡೆಯುವ ಸದ್ದು ಕೇಳುತ್ತದೆ. ಕದ್ದು ನುಗ್ಗೋಕೆ ಮಾಡಿಸಿದ ಕಂದೀಲು! ಕಳ್ಳಿಗೆ ಸಿಟ್ಟೇ ಬಂತು. "ಮಣ್ಣು ನೆಕ್ಕಿದ್ದು ನಾನು, ಸದ್ದು ಮಾಡೋದು ಅವರ ಗೆಜ್ಜೆ" ಅಂತ ಇವತ್ತಿಗೂ ಹೇಳುತ್ತಾಳೆ. ಕೋಟೆಗೆ ನುಗ್ಗಿದ ದಿನ ಹಾಡುಗಾರ ಆ ಸದ್ದಿಗೆ ತಾಳ ಸೇರಿಸಿ, ಕಾವಲುಗಾರರು ದೆವ್ವ ಅಂದುಕೊಂಡು ಓಡುವಂತೆ ಮಾಡಿದ, ಹಾಗಾಗಿ ಬಚಾವಾದರು.

+1 ಕತ್ತಿ ಸಿಕ್ಕವರು +2 ಸಿಕ್ಕ ದಿನ ಹಳೇದನ್ನ ಮಾರುತ್ತಾರೆ, ನಾನೂ ಮಾರಿದ್ದೇನೆ. ಈ ಕಂದೀಲನ್ನ ಮಾರುವ ಮಾತು ಇಲ್ಲಿಯ ತನಕ ಬಂದಿಲ್ಲ. ಆದರೆ ಮಿಲ್ಲಿನ ಗೆಳೆಯ ಬೇರೆ ಮಾತು ತೆಗೆದಿದ್ದಾನೆ. ಕಂದೀಲನ್ನ ಕರಗಿಸಿ, ಗೆಜ್ಜೆಯ ಬೆಳ್ಳಿ ತೆಗೆದು, ಬೇರೆ ಬೆಳ್ಳಿ ಹಾಕಿ ಮತ್ತೆ ಮಾಡಬಹುದಾ ಅಂತ. ಅವನ ತರ್ಕ ಇದು: ಬಿದ್ರಿಯ ಹಾಗೆ ಕಂದೀಲಿನ ಮೈಯೂ ಸತು ಅಂತ ಹಿಡಿದರೆ, ಸತು ಕರಗೋದು 420 ಡಿಗ್ರಿ ಹತ್ತಿರ, ಬೆಳ್ಳಿಗೆ 960 ಬೇಕು, ಸತು ನೀರಾಗಿ ಹರಿದು ಹೋದರೆ ಬೆಳ್ಳಿ ಹಾಗೇ ಉಳಿಯುತ್ತದೆ. ಫಾರ್ಮಸಿ ಹುಡುಗಿ ಕೂಡಲೇ ತಡೆದಳು. ಕರಗಿದ ಸತು ಬೆಳ್ಳಿಯನ್ನೂ ತನ್ನೊಳಗೆ ಎಳೆದುಕೊಳ್ಳುತ್ತದೆ, ಸೀಸದಿಂದ ಬೆಳ್ಳಿ ಬೇರೆ ಮಾಡೋಕೆ ಸತು ಬಳಸೋದೇ ಅದಕ್ಕೆ. ಕರಗಿಸಿದರೆ ಗೆಜ್ಜೆ ಸದ್ದು ಕಂದೀಲಿನ ಇಡೀ ಮೈಗೆ ಹರಡುತ್ತದೆ ಅಂದಳು.

ಅದನ್ನೇ ನಿಯಮ ಮಾಡಿ ಕಾರ್ಡಿನ ಹಿಂಬದಿಯಲ್ಲಿ ಬರೆದುಕೊಟ್ಟೆ. ಮಾಡಿದ ವಸ್ತುವನ್ನ ಕರಗಿಸಿದರೆ ಇದ್ದ ಹಠ ಎರಡರಷ್ಟಾಗುತ್ತದೆ. ಗೆರೆಯನ್ನ ಬಿಡಿಸಬೇಕು ಅಂದರೆ ಉಳಿ ಹಿಡಿದು ತಂತಿಯನ್ನ ಒಂದೊಂದಾಗಿ ಎಬ್ಬಿಸಬೇಕು, ಅದಕ್ಕೆ ಗಡಿಯಾರದ ಒಂದು ತುಂಡು, ಒಂದು ಹೊಸ ಲೋಟ, ಮತ್ತೆ ಕೊಟ್ಟವರ ಒಪ್ಪಿಗೆ. ಗಡಿಯಾರದಲ್ಲಿ ಈಗ ಎರಡು ತುಂಡು ಖಾಲಿ ಇವೆ. ಮೇಷ್ಟ್ರು ಒಪ್ಪಿಲ್ಲ. ಒಪ್ಪಿಸೋಕೆ ಅಂತ ಮಿಲ್ಲಿನ ಗೆಳೆಯ ಮುಂದಿನ ಭಾನುವಾರ ಮಿರ್ಚಿ ಭಜಿ ತರುತ್ತಾನಂತೆ.